ಗುಜರಿಗೆ ಹಾಕುವ ಮುನ್ನ: ನಮ್ಮ ಕಡೆಯ ಹಳೇ ಕಂಪ್ಯೂಟರ್‌ಗಳ ಚರಿತ್ರೆ

ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಊರುಗಳಲ್ಲಿ ಹುಡುಕಿದರೆ ಹಳೇ ಡೆಸ್ಕ್‌ಟಾಪ್ ಕಂಪ್ಯೂಟರ್ ಒಂದು ಎಲ್ಲಾದರೂ ಸಿಗುತ್ತದೆ. ಶಾಲೆಯ ಬೀರುವಿನ ಪಕ್ಕ, ಡೇರಿಯ ಅಟ್ಟದ ಮೇಲೆ, ಬಾಗಿಲು ಹಾಕಿದ ಜೆರಾಕ್ಸ್ ಅಂಗಡಿಯ ಮೂಲೆಯಲ್ಲಿ ಧೂಳು ಹಿಡಿದು ಕೂತಿರುತ್ತದೆ. ಗುಜರಿಯವರು ಬಂದರೆ ತೂಕದ ಲೆಕ್ಕದಲ್ಲಿ ಹೋಗುತ್ತದೆ. ಒಳಗೆ ಏನಿದೆ ಎಂದು ಯಾರೂ ಕೇಳುವುದಿಲ್ಲ.

ಒಳಗೆ ಊರಿನ ಕನ್ನಡ ಇದೆ. ಸಂಘದ ನಡಾವಳಿ, ಮದುವೆ ಕರೆಯೋಲೆ, ಜಾತ್ರೆಯ ಕರಪತ್ರ, ಕುರುಕ್ಷೇತ್ರ ನಾಟಕದ ಪಾತ್ರವರ್ಗದ ಪಟ್ಟಿ, ಶಾಲೆಯ ಪ್ರಶ್ನೆಪತ್ರಿಕೆ. ಇವೆಲ್ಲ ಆ ಪೆಟ್ಟಿಗೆಯಲ್ಲೇ ಸಿಕ್ಕಿಹಾಕಿಕೊಂಡಿವೆ. ನಮ್ಮ ಮೊಬೈಲ್‌ಗೆ ಹಾಕಿದರೂ ಓದಲು ಬರುವುದಿಲ್ಲ. ಯಾಕೆ ಹೀಗಾಯಿತು ಎಂದು ತಿಳಿಯಲು ಕನ್ನಡ ಕಂಪ್ಯೂಟರ್ ಒಳಗೆ ಹೋದ ದಾರಿಯನ್ನು ನೋಡಬೇಕು.

ಮೊದಲು ಕನ್ನಡ ಒಂದು ಕಾರ್ಡ್ ಆಗಿತ್ತು

1984ರಲ್ಲಿ ಕೇಂದ್ರ ಸರ್ಕಾರ ಹೊಸ ಕಂಪ್ಯೂಟರ್ ನೀತಿ ತಂದು ಆಮದು ನಿಯಮಗಳನ್ನು ಸಡಿಲಿಸಿತು. ಅಲ್ಲಿಂದ ಮುಂದೆ ಕಚೇರಿ, ಕಾಲೇಜುಗಳಿಗೆ ಪಿಸಿಗಳು ಬರತೊಡಗಿದವು. ಆದರೆ ಅವಕ್ಕೆ ಇಂಗ್ಲಿಷ್ ಬಿಟ್ಟು ಬೇರೇನೂ ಗೊತ್ತಿರಲಿಲ್ಲ.

ಆಗ ಕಾನ್ಪುರದ ಐಐಟಿಯವರು ಒಂದು ಉಪಾಯ ಮಾಡಿದರು. ಭಾರತೀಯ ಲಿಪಿಗಳನ್ನು ತೋರಿಸುವ ಒಂದು ಸರ್ಕ್ಯೂಟ್ ಕಾರ್ಡನ್ನೇ ಕಂಪ್ಯೂಟರ್‌ಗೆ ಸೇರಿಸುವುದು. ಅದರ ಹೆಸರು ಜಿಸ್ಟ್ ಕಾರ್ಡ್. 1988ರಲ್ಲಿ ಪುಣೆಯಲ್ಲಿ ಶುರುವಾದ ಸಿ-ಡ್ಯಾಕ್ ಸಂಸ್ಥೆ ಅದನ್ನು ಮುಂದುವರಿಸಿತು. ಪೆಟ್ಟಿಗೆ ಬಿಚ್ಚಿ, ಮದರ್‌ಬೋರ್ಡಿನ ಖಾಲಿ ಸ್ಲಾಟ್‌ಗೆ ಕಾರ್ಡ್ ಒತ್ತಿದರೆ ಪರದೆಯ ಮೇಲೆ ಕನ್ನಡ, ಹಿಂದಿ, ತಮಿಳು ಬರುತ್ತಿದ್ದವು. ಅಂದರೆ ಕನ್ನಡ ಕಂಪ್ಯೂಟರಿಗೆ ಬಂದದ್ದೇ ಒಂದು ಅಪ್‌ಗ್ರೇಡ್ ಆಗಿ. ಕಾರ್ಡ್ ಕೆಟ್ಟರೆ ಕನ್ನಡವೂ ಹೋಯಿತು.

ಇಂಗ್ಲಿಷಿನ ಮನೆಯಲ್ಲಿ ಬಾಡಿಗೆಗೆ

1990ರ ದಶಕದಲ್ಲಿ ವಿಂಡೋಸ್ ಬಂತು. ಕಾರ್ಡ್ ಬೇಕಾಗಲಿಲ್ಲ, ಫಾಂಟ್ ಸಾಕಾಯಿತು. ಆದರೆ ಅಲ್ಲೂ ಒಂದು ತೊಡಕಿತ್ತು. ಆಗಿನ ಫಾಂಟ್‌ನಲ್ಲಿ ಅಕ್ಷರ ಇಡಲು ಇದ್ದ ಜಾಗ ಒಟ್ಟು 256. ಅರ್ಧ ಇಂಗ್ಲಿಷಿಗೇ ಹೋಗಿತ್ತು. ಉಳಿದದ್ದರಲ್ಲಿ ನಮ್ಮ ಕಾಗುಣಿತ, ಒತ್ತಕ್ಷರಗಳೆಲ್ಲ ಹಿಡಿಯುವುದಿಲ್ಲ. ಅದಕ್ಕೆ ಅಕ್ಷರವನ್ನೇ ತುಂಡು ಮಾಡಿದರು. ತಲೆಕಟ್ಟು ಒಂದು ಕಡೆ, ಕೊಂಬು ಒಂದು ಕಡೆ, ಒತ್ತು ಇನ್ನೊಂದು ಕಡೆ. ಕೀಲಿ ಒತ್ತಿದಂತೆಲ್ಲ ಆ ತುಂಡುಗಳು ಜೋಡಣೆಯಾಗಿ ಕನ್ನಡದಂತೆ ಕಾಣುತ್ತಿದ್ದವು. ಕಂಪ್ಯೂಟರಿನ ಲೆಕ್ಕದಲ್ಲಿ ಮಾತ್ರ ಅವು ಯುರೋಪಿನ ಭಾಷೆಗಳ ಚುಕ್ಕಿ, ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳೇ.

ಮೊದಮೊದಲು ಒಂದೊಂದು ಕಂಪನಿ ಈ ತುಂಡುಗಳನ್ನು ತನಗೆ ತೋಚಿದ ಜಾಗದಲ್ಲಿ ಇಟ್ಟಿತು. ಒಬ್ಬರ ಫಾಂಟಿನಲ್ಲಿ ಬರೆದದ್ದನ್ನು ಇನ್ನೊಬ್ಬರ ಫಾಂಟಿನಲ್ಲಿ ತೆರೆದರೆ ಏನೇನೋ ಕಾಣುತ್ತಿತ್ತು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಮುಂದೆ ರಾಜ್ಯ ಸರ್ಕಾರ ಒಂದು ಮಾನದಂಡ ತಂದಿತು, ಅದರಂತೆ ಕನ್ನಡ ಗಣಕ ಪರಿಷತ್ತು 'ನುಡಿ'ಯನ್ನು ಸಿದ್ಧಮಾಡಿತು. ನುಡಿಯ ಕೀಲಿಮಣೆಗೆ ಆಧಾರ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ. ಬಾಯಲ್ಲಿ ಹೇಳಿದಂತೆಯೇ ಬೆರಳಲ್ಲಿ ಒತ್ತುವುದು ಅದರ ಗುಟ್ಟು. 'ಗುಬ್ಬಿ' ಬರೆಯಲು ಜಿ, ಯು, ಬಿ, ಎಫ್, ಬಿ, ಐ ಒತ್ತಿದರೆ ಆಯಿತು. ನಡುವಿನ ಎಫ್ ಒತ್ತಕ್ಷರ ಕೂಡಿಸುವ ಕೀಲಿ. ಡಿಟಿಪಿ ಕಲಿತವರ ಬೆರಳಿಗೆ ಈ ಎಫ್ ಇವತ್ತಿಗೂ ಮರೆತಿಲ್ಲ.

ಪಹಣಿ ಪರದೆಗೆ ಬಂದ ದಿನಗಳು

ಹಳ್ಳಿಯ ಹೆಚ್ಚಿನ ಜನ ಕಂಪ್ಯೂಟರಿಗೆ ಮುಖಾಮುಖಿಯಾದದ್ದು ತಾಲ್ಲೂಕು ಕಚೇರಿಯಲ್ಲಿ. ಅಲ್ಲಿಯವರೆಗೆ ಪಹಣಿ ಬೇಕೆಂದರೆ ಗ್ರಾಮ ಲೆಕ್ಕಿಗರನ್ನು ಹುಡುಕಿಕೊಂಡು ಹೋಗಬೇಕಿತ್ತು. ರಾಜ್ಯದಲ್ಲಿ ಇದ್ದ ಲೆಕ್ಕಿಗರು ಸುಮಾರು 9,000. ಕೈಬರಹದ ಪುಸ್ತಕ ಅವರ ಬಳಿಯೇ ಇರುತ್ತಿತ್ತು. ಅವರು ಸಿಕ್ಕರೆ ಪಹಣಿ, ಇಲ್ಲದಿದ್ದರೆ ಅಲೆದಾಟ.

2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ತಾಲ್ಲೂಕುಗಳಿಗೆ ಬಂತು. ಸುಮಾರು 67 ಲಕ್ಷ ಭೂ ಮಾಲೀಕರ 2 ಕೋಟಿಯಷ್ಟು ದಾಖಲೆಗಳನ್ನು ಕನ್ನಡದಲ್ಲೇ ಕಂಪ್ಯೂಟರಿಗೆ ತುಂಬಲಾಯಿತು. 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಕೌಂಟರಿನಲ್ಲಿ ಒಂದು ಒಳ್ಳೆಯ ಏರ್ಪಾಟು ಇತ್ತು. ಎರಡು ಪರದೆ, ಒಂದು ನೌಕರರ ಕಡೆಗೆ, ಇನ್ನೊಂದು ರೈತರ ಕಡೆಗೆ. ತನ್ನ ಜಮೀನಿನ ವಿವರ ಏನು ಕಾಣುತ್ತಿದೆ ಎಂದು ರೈತನೇ ನೋಡಬಹುದಿತ್ತು. ಈ ವ್ಯವಸ್ಥೆ ಜಾರಿಯಾದ ತಾಲ್ಲೂಕುಗಳಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು.

ಸರ್ಕಾರದ ದಾಖಲೆಗೆ ಸರ್ಕಾರದ ಕಾವಲು ಇತ್ತು. ಯಂತ್ರ ಬದಲಾದಾಗಲೆಲ್ಲ ಮಾಹಿತಿಯನ್ನು ಹೊಸದಕ್ಕೆ ದಾಟಿಸುತ್ತ ಬಂದರು. ಅದಕ್ಕೇ ಇವತ್ತು ಪಹಣಿ ಮೊಬೈಲ್‌ನಲ್ಲಿ ಸಿಗುತ್ತದೆ. ಊರಿನ ಸಂಘ, ಶಾಲೆ, ಡಿಟಿಪಿ ಅಂಗಡಿಯ ಕಡತಗಳಿಗೆ ಅಂಥ ಕಾವಲು ಇರಲಿಲ್ಲ. ಅವನ್ನು ಅಷ್ಟು ವರ್ಷ ಉಳಿಸಿದವರು ರಿಪೇರಿಯವರು.

ಎರೇಸರ್ ಮತ್ತು ಸೋಲ್ಡರಿಂಗ್ ಕಡ್ಡಿ

ನಮ್ಮ ಕಡೆ ಬ್ರಾಂಡೆಡ್ ಕಂಪ್ಯೂಟರಿಗಿಂತ ಅಸೆಂಬಲ್ ಮಾಡಿದ್ದೇ ಹೆಚ್ಚು. ತುಮಕೂರಿನಿಂದ ಬೆಂಗಳೂರು 70 ಕಿಲೋಮೀಟರ್. ಬೆಳಿಗ್ಗೆ ರೈಲು ಹತ್ತಿ ಎಸ್.ಪಿ. ರಸ್ತೆಗೆ ಹೋದರೆ ಹೊಸದೂ ಸಿಗುತ್ತಿತ್ತು, ಸೆಕೆಂಡ್ ಹ್ಯಾಂಡೂ ಸಿಗುತ್ತಿತ್ತು. ಒಂದೇ ಕ್ಯಾಬಿನೆಟ್‌ನೊಳಗೆ ಹತ್ತು ವರ್ಷದಲ್ಲಿ ಎರಡು ಮದರ್‌ಬೋರ್ಡ್, ಮೂರು ಎಸ್‌ಎಂಪಿಎಸ್ ಬದಲಾಗುವುದು ವಿಶೇಷವೇನಲ್ಲ.

ರಿಪೇರಿ ಕಲಿತದ್ದು ಕೆಲಸ ಮಾಡುತ್ತಲೇ. ಆನ್ ಮಾಡಿದರೆ ಬರೀ ಬೀಪ್ ಸದ್ದು ಬಂದರೆ ರ‍್ಯಾಮ್ ತೆಗೆದು ಅದರ ಹಿತ್ತಾಳೆ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ಎರೇಸರ್‌ನಿಂದ ಉಜ್ಜಿ ಮತ್ತೆ ಕೂರಿಸುವುದು. ಎಷ್ಟೋ ಸಲ ಅಷ್ಟಕ್ಕೇ ಎದ್ದುಬಿಡುತ್ತಿತ್ತು. ದಿನಾಂಕ ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ ಸತ್ತಿದೆ ಎಂದರ್ಥ. ಅದು ಸಿಆರ್2032, 3 ವೋಲ್ಟಿನದು. ದಿನಾಂಕ ತಪ್ಪಿದ್ದರೆ ಇಂಟರ್ನೆಟ್ ಇದ್ದರೂ ಎಷ್ಟೋ ವೆಬ್‌ಸೈಟ್ ತೆರೆಯುವುದಿಲ್ಲ.

2000ದ ದಶಕದ ಮೊದಲರ್ಧದ ಮದರ್‌ಬೋರ್ಡ್‌ಗಳಲ್ಲಿ ಇನ್ನೊಂದು ಪಿಡುಗಿತ್ತು. ಕಳಪೆ ದ್ರಾವಣ ತುಂಬಿದ ಕೆಪಾಸಿಟರ್‌ಗಳು ಲೋಕದ ತುಂಬ ಮಾರಾಟವಾಗಿ, ಒಂದೆರಡು ವರ್ಷದಲ್ಲಿ ತಲೆ ಉಬ್ಬಿ ಸೋರುತ್ತಿದ್ದವು. ದೊಡ್ಡ ಊರಲ್ಲಾದರೆ ಬೋರ್ಡನ್ನೇ ಎಸೆಯುತ್ತಿದ್ದರು. ಸಣ್ಣ ಊರಿನಲ್ಲಿ ರೇಡಿಯೊ, ಟಿವಿ ರಿಪೇರಿಯ ಕೈಗಳು ಇದ್ದವು. ಕೆಪಾಸಿಟರ್ ಕಿತ್ತು ಹೊಸದು ಬೆಸುಗೆ ಹಾಕುವುದು ಅವರಿಗೆ ಹೊಸ ವಿದ್ಯೆಯೇನಲ್ಲ.

ಡಿಟಿಪಿ ಅಂಗಡಿಯವರು ಹಳೇ ಯಂತ್ರ ಬಿಡದಿರಲು ಕಾರಣವೂ ಇತ್ತು. ಪುಟ ಕಟ್ಟುತ್ತಿದ್ದ ಪೇಜ್‌ಮೇಕರ್ ತಂತ್ರಾಂಶ 7ನೇ ಆವೃತ್ತಿಗೇ ನಿಂತುಹೋಯಿತು. ಕೆಲವು ಕನ್ನಡ ತಂತ್ರಾಂಶಗಳಿಗೆ ಕಂಪ್ಯೂಟರಿನ ಹಿಂದೆ ಚುಚ್ಚುವ 'ಲಾಕ್' ಬೇಕಿತ್ತು. ಆ ಲಾಕ್ ಕೂರುವ ಅಗಲವಾದ ಪ್ರಿಂಟರ್ ಪೋರ್ಟ್ ಹೊಸ ಕಂಪ್ಯೂಟರಿನಲ್ಲಿ ಇಲ್ಲ.

ಯುನಿಕೋಡ್ ಬಂತು, ಹಳೆಯದು ಹಿಂದುಳಿಯಿತು

1991ರಲ್ಲೇ ಯುನಿಕೋಡ್‌ನ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ ತನ್ನದೇ 128 ಜಾಗ ಸಿಕ್ಕಿತ್ತು. ಬಾಡಿಗೆ ಮನೆಯ ಕಾಟ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅದನ್ನು ಅರ್ಥಮಾಡಿಕೊಳ್ಳುವ ವಿಂಡೋಸ್ ನಮಗೆ ಬಂದದ್ದು 2001ರ ಎಕ್ಸ್‌ಪಿಯಲ್ಲಿ. ಅದರ ಕನ್ನಡ ಫಾಂಟಿನ ಹೆಸರು 'ತುಂಗಾ'. ಅದನ್ನು ಚಾಲೂ ಮಾಡಲೂ ಸೆಟ್ಟಿಂಗ್ಸ್‌ಗೆ ಹೋಗಿ, ಸಿಡಿ ಹಾಕಿ ಕಡತ ಸೇರಿಸಬೇಕಿತ್ತು. ಹೀಗಾಗಿ ವರ್ಷಗಟ್ಟಲೆ ಜನ ಹಳೇ ಫಾಂಟಿನಲ್ಲೇ ಬರೆದರು.

ನಮ್ಮ ಮೊಬೈಲ್‌ಗೆ ಗೊತ್ತಿರುವುದು ಯುನಿಕೋಡ್ ಕನ್ನಡ ಮಾತ್ರ. ಹಳೇ ನುಡಿ ಕಡತ ತೆರೆದರೆ ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರ ಕಾಣುವುದು ಅದಕ್ಕೇ. ಕಡತ ಕೆಟ್ಟಿಲ್ಲ, ಅದನ್ನು ಓದುವ ಕೀಲಿ ಇಲ್ಲ ಅಷ್ಟೆ. ಬರಹ, ನುಡಿಗಳ ಪರಿವರ್ತಕಕ್ಕೆ ಹಾಕಿದರೆ ಬಹುಪಾಲು ಯುನಿಕೋಡಿಗೆ ಬರುತ್ತದೆ. ಒಂದೆರಡು ಒತ್ತಕ್ಷರ ತಪ್ಪಿದರೆ ಕೈಯಲ್ಲಿ ತಿದ್ದಿಕೊಳ್ಳಬಹುದು.

ಈಗ ಮಾಡಬಹುದಾದದ್ದು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೂ ಮಾಮೂಲಿ ಬೆಂಬಲ ನಿಂತಿತು. ವಿಂಡೋಸ್ 11 ಹಾಕಲು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಹಳೆಯ ಎಷ್ಟೋ ಯಂತ್ರಗಳಲ್ಲಿ ಅದಿಲ್ಲ. ಹಾಗಾಗಿ ಇನ್ನಷ್ಟು ಡೆಸ್ಕ್‌ಟಾಪ್‌ಗಳು ಗುಜರಿಯ ದಾರಿ ಹಿಡಿಯುತ್ತವೆ. ಅದಕ್ಕೂ ಮುಂಚೆ ನಾವು ಹೇಳುವುದು ಇಷ್ಟು.

ಮೊದಲು ಹಾರ್ಡ್‌ಡಿಸ್ಕ್ ತೆಗೆಸಿ. ಕಂಪ್ಯೂಟರ್ ಆನ್ ಆಗದಿದ್ದರೂ ಡಿಸ್ಕ್ ಚೆನ್ನಾಗಿರಬಹುದು. ಹಳೆಯದಾದರೆ ಅಗಲ ಪಟ್ಟಿಯ ಐಡಿಇ, ಆಮೇಲಿನದಾದರೆ ಸಣ್ಣ ಕೇಬಲ್ಲಿನ ಸಾಟಾ. ಎರಡಕ್ಕೂ ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್ ಸಿಗುತ್ತದೆ. ಕಡತದ ಜೊತೆಗೆ ಫಾಂಟುಗಳನ್ನೂ ನಕಲು ಮಾಡಿಕೊಳ್ಳಿ, ಪರಿವರ್ತನೆ ಆಮೇಲೆ ನಿಧಾನವಾಗಿ ಆಗಲಿ.

ಯಂತ್ರ ಹತ್ತು ಹನ್ನೆರಡು ವರ್ಷದ್ದಾಗಿದ್ದರೆ ಎಸ್‌ಎಸ್‌ಡಿ ಹಾಕಿ, ರ‍್ಯಾಮ್ ಹೆಚ್ಚಿಸಿ, ಉಚಿತವಾಗಿ ಸಿಗುವ ಲಿನಕ್ಸ್ ಹಾಕಿದರೆ ಮಕ್ಕಳ ಓದು, ಟೈಪಿಂಗ್, ಲೆಕ್ಕಪತ್ರಕ್ಕೆ ಧಾರಾಳ ಸಾಕು. ಡಬ್ಬದಂಥ ಹಳೇ ಮಾನಿಟರನ್ನು ಮಾತ್ರ ಬಿಚ್ಚಲು, ಒಡೆಯಲು ಹೋಗಬೇಡಿ. ಗಾಜಿನಲ್ಲಿ ಸೀಸ ಇದೆ, ಪ್ಲಗ್ ತೆಗೆದ ಮೇಲೂ ಒಳಗೆ ಜೋರು ವಿದ್ಯುತ್ ಉಳಿದಿರಬಹುದು.

ಕೊಟ್ಟುಬಿಡಲೇಬೇಕು ಎಂದಾದರೆ ಡಿಸ್ಕ್ ಅಳಿಸಿ ಕೊಡಿ. ಜೆರಾಕ್ಸ್ ಅಂಗಡಿಯ ಡಿಸ್ಕ್‌ನಲ್ಲಿ ಊರವರ ಆಧಾರ್, ಪಾಸ್‌ಬುಕ್ ಸ್ಕ್ಯಾನ್ ಇದ್ದೇ ಇರುತ್ತವೆ. ಶಾಲೆ, ಸಂಘದ ಸ್ವತ್ತಾದರೆ ದಾಸ್ತಾನು ಪುಸ್ತಕ ನೋಡಿ, ಕೇಳಬೇಕಾದವರನ್ನು ಕೇಳಿಯೇ ಕೈ ಹಾಕಿ.

ತಾಮ್ರಪಟ, ಓಲೆಗರಿ ಸಿಕ್ಕರೆ ನಾವು ಜೋಪಾನ ಮಾಡುತ್ತೇವೆ. ಇಪ್ಪತ್ತು ವರ್ಷದ ಹಿಂದಿನ ನಾಟಕದ ಕರಪತ್ರದಲ್ಲಿ ಭೀಮನ ಪಾತ್ರ ಮಾಡಿದವರ ಹೆಸರೂ ಊರಿನ ಚರಿತ್ರೆಯೇ. ಓಲೆಗರಿ ನೂರಾರು ವರ್ಷ ತಾಳುತ್ತದೆ, ಹಾರ್ಡ್‌ಡಿಸ್ಕ್ ಅಷ್ಟು ಕಾಯುವುದಿಲ್ಲ. ನಿಮ್ಮೂರಿನ ಆ ಪೆಟ್ಟಿಗೆಯನ್ನು ಈ ವಾರವೇ ಒಮ್ಮೆ ಬಿಚ್ಚಿಸಿ ನೋಡಿ.