ಕ್ಯಾಸಮೆಂಟೋಸ್ ಭೋಜನಗೃಹ

ಕ್ಯಾಸಮೆಂಟೋಸ್ ಅಮೆರಿಕ ಸಂಯುಕ್ತ ಸಂಸ್ಥಾನದ ಲೂಯಿಸಿಯಾನ ರಾಜ್ಯದ ನ್ಯೂ ಆರ್ಲಿಯನ್ಸ್ ನಗರದಲ್ಲಿರುವ, ಕಡಲ ಆಹಾರಕ್ಕೆ ಹೆಸರಾದ ಭೋಜನಗೃಹ. 1919ರಲ್ಲಿ ಆರಂಭವಾದ ಇದನ್ನು ಸ್ಥಾಪಕರ ಕುಟುಂಬದವರೇ ತಲೆಮಾರುಗಳಿಂದ ನಡೆಸಿಕೊಂಡು ಬಂದಿದ್ದಾರೆ. ಎರಡು ಚಿಪ್ಪುಗಳ ನಡುವೆ ಬೆಳೆಯುವ ಮೃದ್ವಂಗಿಯಾದ ಸಿಂಪಿ ಇಲ್ಲಿನ ಮುಖ್ಯ ಆಹಾರ. ಸಿಂಪಿಯ ಋತುವನ್ನು ಅನುಸರಿಸಿ ಬೇಸಿಗೆಯಲ್ಲಿ ಬಾಗಿಲು ಮುಚ್ಚುವುದು ಈ ಭೋಜನಗೃಹದ ವೈಶಿಷ್ಟ್ಯ.

ಇತಿಹಾಸ

ನ್ಯೂ ಆರ್ಲಿಯನ್ಸ್ ನಗರವನ್ನು ಫ್ರೆಂಚರು 1718ರಲ್ಲಿ ಮಿಸಿಸಿಪಿ ನದಿಯ ದಡದಲ್ಲಿ ಸ್ಥಾಪಿಸಿದರು. ಮುಂದೆ ಸ್ಪೇನಿನ ಆಳ್ವಿಕೆಯನ್ನೂ ಕಂಡ ಈ ನಗರ 1803ರಲ್ಲಿ ಅಮೆರಿಕದ ವಶವಾಯಿತು. ಸಿಸಿಲಿಯ ಉತ್ತರಕ್ಕಿರುವ ಉಸ್ತಿಕಾ ಎಂಬ ಪುಟ್ಟ ದ್ವೀಪದಿಂದ ಅನೇಕ ಕುಟುಂಬಗಳು ಇಲ್ಲಿಗೆ ವಲಸೆ ಬಂದವು. ಅವರಲ್ಲಿ ಒಬ್ಬರಾದ ಜೋ ಕ್ಯಾಸಮೆಂಟೊ ಮ್ಯಾಗಜೀನ್ ಬೀದಿಯಲ್ಲಿ ಈ ಭೋಜನಗೃಹವನ್ನು ತೆರೆದರು. ಅವರ ನಂತರ ಮಗ ಹಲವು ದಶಕಗಳ ಕಾಲ ಅದನ್ನು ನೋಡಿಕೊಂಡರು.

ಕಟ್ಟಡ

ಕಟ್ಟಡ ಕಿರಿದಾಗಿದ್ದು, ನೆಲಕ್ಕೂ ಗೋಡೆಗಳಿಗೂ ಬಣ್ಣದ ಹೆಂಚುಬಿಲ್ಲೆಗಳನ್ನು ಹೊದಿಸಲಾಗಿದೆ. ಇಷ್ಟು ಬಿಲ್ಲೆಗಳನ್ನು ಒದಗಿಸಲು ನಾಲ್ಕು ಕಂಪನಿಗಳು ಬೇಕಾದವು ಎಂಬ ಮಾತು ಪ್ರಚಲಿತದಲ್ಲಿದೆ.

ಆಹಾರ

ಹಸಿ ಸಿಂಪಿಯನ್ನು ಗ್ರಾಹಕರ ಎದುರಿನಲ್ಲೇ ಚಿಪ್ಪು ಬಿಡಿಸಿ ಕೊಡುತ್ತಾರೆ. ಮೆಕ್ಕೆಜೋಳದ ನುಣ್ಣನೆಯ ಹಿಟ್ಟಿನಲ್ಲಿ ಹೊರಳಿಸಿ, ಹಂದಿಯ ಕೊಬ್ಬಿನಲ್ಲಿ ಕರಿದ ಸಿಂಪಿಯೂ ಪ್ರಸಿದ್ಧ. ನಗರದ ಇತರೆಡೆ ಇಂತಹ ಸಿಂಪಿಯನ್ನು ಉದ್ದನೆಯ ಫ್ರೆಂಚ್ ಬ್ರೆಡ್ಡಿನಲ್ಲಿಟ್ಟು ಕೊಡುವುದು ವಾಡಿಕೆ. ಇಲ್ಲಿ ಬೆಣ್ಣೆ ಸವರಿದ ದಪ್ಪ ಬಿಳಿ ಬ್ರೆಡ್ಡಿನ ಎರಡು ಹೋಳುಗಳ ನಡುವೆ ಇಡುತ್ತಾರೆ. ಇದನ್ನು ‘ಆಯ್ಸ್ಟರ್ ಲೋಫ್’ ಎನ್ನುತ್ತಾರೆ.

ಬೇಸಿಗೆಯ ಬಿಡುವು

ಇಂಗ್ಲಿಷ್ ಹೆಸರಿನಲ್ಲಿ ‘ಆರ್’ ಅಕ್ಷರವಿಲ್ಲದ ಮೇ, ಜೂನ್, ಜುಲೈ ಹಾಗೂ ಆಗಸ್ಟ್ ತಿಂಗಳುಗಳಲ್ಲಿ ಸಿಂಪಿ ತಿನ್ನಬಾರದೆಂಬುದು ಹಳೆಯ ನಿಯಮ. ನೀರು ಬೆಚ್ಚಗಾದಾಗ ಸಿಂಪಿಗಳು ಸಂತಾನೋತ್ಪತ್ತಿಯಲ್ಲಿ ತೊಡಗುವುದರಿಂದ ಅವುಗಳ ಮಾಂಸ ತೆಳುವಾಗುತ್ತದೆ; ರೋಗಕಾರಕ ಬ್ಯಾಕ್ಟೀರಿಯಾಗಳೂ ಹೆಚ್ಚುತ್ತವೆ. ಶೀತಲೀಕರಣ ಬಂದ ಮೇಲೆ ಸಿಂಪಿಯ ಮಾರಾಟ ವರ್ಷವಿಡೀ ನಡೆಯತೊಡಗಿದರೂ ಕ್ಯಾಸಮೆಂಟೋಸ್ ಬೇಸಿಗೆಯ ಬಿಡುವನ್ನು ಕೈಬಿಡಲಿಲ್ಲ.

ವಿಪತ್ತುಗಳು

2005ರ ಆಗಸ್ಟ್ 29ರಂದು ಅಪ್ಪಳಿಸಿದ ಕತ್ರಿನಾ ಚಂಡಮಾರುತದಿಂದ ಪ್ರವಾಹತಡೆ ಏರಿಗಳು ಒಡೆದು ನಗರದ ಸುಮಾರು 80% ಭಾಗ ಜಲಾವೃತವಾಯಿತು. ನದಿಗೆ ಹತ್ತಿರದ ಎತ್ತರದ ನೆಲದಲ್ಲಿರುವ ಈ ಪ್ರದೇಶ ಮುಳುಗಲಿಲ್ಲ. ಆದರೆ ನಗರ ತೊರೆದು ಆಶ್ರಯ ಪಡೆದಿದ್ದ ಸ್ಥಾಪಕರ ಮಗ ಅದೇ ಸಮಯದಲ್ಲಿ ನಿಧನರಾದರು. ಕುಟುಂಬದ ಮುಂದಿನ ತಲೆಮಾರಿನವರು ಭೋಜನಗೃಹವನ್ನು ಮತ್ತೆ ತೆರೆದರು.

2010ರಲ್ಲಿ ಮೆಕ್ಸಿಕೊ ಕೊಲ್ಲಿಯಲ್ಲಿ ಸಂಭವಿಸಿದ ಡೀಪ್‌ವಾಟರ್ ಹೊರೈಜನ್ ತೈಲ ಸೋರಿಕೆ ಇಡೀ ಪ್ರದೇಶದ ಸಿಂಪಿ ಉದ್ಯಮಕ್ಕೆ ಪೆಟ್ಟು ನೀಡಿತು. ತೈಲವನ್ನು ತೀರದಿಂದ ದೂರವಿಡಲು ಹರಿಸಿದ ನದಿಯ ಸಿಹಿನೀರಿನಿಂದ ಲವಣಾಂಶ ಕುಸಿದು, ಅಪಾರ ಸಂಖ್ಯೆಯ ಸಿಂಪಿಗಳು ಸತ್ತವು. 2019ರ ದೀರ್ಘಕಾಲದ ಪ್ರವಾಹದಲ್ಲಿಯೂ ಇಂತಹ ನಷ್ಟವೇ ಮರುಕಳಿಸಿತು. ಉಪ್ಪುನೀರು ಹಾಗೂ ಸಿಹಿನೀರಿನ ಹದವಾದ ಬೆರಕೆಯಲ್ಲಿ ಮಾತ್ರ ಸಿಂಪಿ ಚೆನ್ನಾಗಿ ಬೆಳೆಯುವುದರಿಂದ, ಇಂತಹ ಭೋಜನಗೃಹಗಳ ಉಳಿವು ಕೊಲ್ಲಿಯ ನೀರಿನ ಸ್ಥಿತಿಯನ್ನೂ ಅವಲಂಬಿಸಿದೆ.