ಆಟ ಗೆದ್ದಿತು, ಮಾಡಿದವರು ಸೋತರು

ಮೊಬೈಲ್‌ನಲ್ಲಿ ಒಂದೇ ಬಣ್ಣದ ಮಿಠಾಯಿ ಸೇರಿಸಿ ಒಡೆಯುವ ಆಟ ಆಡಿದ್ದೀರಲ್ಲ? ಅಂಥದ್ದೇ ಹಳೆಯ ಆಟವೊಂದರ ಕತೆ ಇದು.

ಜಪಾನಿನ ಹಿರೋಶಿಮಾದ ಕಂಪೈಲ್ ಎಂಬ ಕಂಪನಿ 1991ರಲ್ಲಿ 'ಪುಯೊ ಪುಯೊ' ಬಿಡುಗಡೆ ಮಾಡಿತು. ಮೇಲಿಂದ ಜೋಡಿಯಾಗಿ ಬೀಳುವ ಬಣ್ಣದ ಉಂಡೆಗಳಲ್ಲಿ ಒಂದೇ ಬಣ್ಣದ ನಾಲ್ಕು ಕೂಡಿದರೆ ಮಾಯ. ಒಂದರ ಹಿಂದೊಂದು ಗುಂಪು ಮಾಯವಾದರೆ ಎದುರಾಳಿಯ ಮೇಲೆ ಕಸದ ಉಂಡೆಗಳ ಮಳೆ.

1992ರಲ್ಲಿ ಸೆಗಾ ಕಂಪನಿಯ ಜತೆ ಸೇರಿ, ನಾಣ್ಯ ಹಾಕಿ ಆಡುವ ಯಂತ್ರಗಳಿಗೆ ತಂದ ಮೇಲೆ ಜಪಾನಿನಲ್ಲಿ ಮನೆಮಾತಾಯಿತು. 1994ರ ಎರಡನೇ ಭಾಗದಲ್ಲಿ, ಬರುವ ಕಸವನ್ನು ತಡೆದು ತಿರುಗಿಸುವ ದಾರಿಯೂ ಬಂತು.

ಗೆದ್ದ ಹುಮ್ಮಸ್ಸಿನಲ್ಲಿ ಕಂಪೈಲ್ ಹಾಸಿಗೆಗಿಂತ ಹೆಚ್ಚು ಕಾಲು ಚಾಚಿತು. 1998ರಲ್ಲಿ ಸಾಲದ ಸುಳಿಗೆ ಸಿಕ್ಕಿ, ಆಟದ ಹಕ್ಕು ಸೆಗಾ ಪಾಲಾಯಿತು. 2003ರಲ್ಲಿ ಕಂಪೈಲ್ ಬಾಗಿಲು ಮುಚ್ಚಿತು. ಅದೇ ವರ್ಷ ಸೆಗಾ 'ಪುಯೊ ಪುಯೊ ಫೀವರ್' ತಂದಿತು. 2014ರಲ್ಲಿ ಟೆಟ್ರಿಸ್ ಜತೆ ಬೆರೆಸಿ ಮತ್ತೊಂದನ್ನು ತಂದಿತು. ಆಟ ಇಂದಿಗೂ ಮಾರಾಟವಾಗುತ್ತಿದೆ, ಸೆಗಾ ಹೆಸರಿನಲ್ಲಿ.