ಒಂದೂಮುಕ್ಕಾಲು ಇಂಚಿನ ಲೆಕ್ಕ

ನನ್ನ ಮನೆಯ ಮಹಡಿ ಕೋಣೆಯಲ್ಲಿ ಎಲೆಕ್ಟ್ರಾನಿಕ್ ಉಪಕರಣಗಳನ್ನು ಕೂರಿಸುವ, ಆರಡಿ ಎತ್ತರದ ಕಬ್ಬಿಣದ ರ‍್ಯಾಕ್ ಒಂದಿದೆ. ಬೂದು ಬಣ್ಣ ಅಲ್ಲಲ್ಲಿ ಎದ್ದು ತುಕ್ಕು ಕಾಣುತ್ತದೆ. ಬೆಂಗಳೂರಿನ ಗುಜರಿಯೊಂದರಲ್ಲಿ ತೂಕದ ಲೆಕ್ಕದಲ್ಲಿ ಕೊಂಡದ್ದು. ಅದಕ್ಕೂ ಮೊದಲು ಹೊಸದೊಂದನ್ನು ಮಾಡಿಸಿ ದುಡ್ಡು ಕಳೆದುಕೊಂಡಿದ್ದೆ. ‘19 ಇಂಚಿನ ರ‍್ಯಾಕ್ ಬೇಕು’ ಅಂದಿದ್ದೆ. ವೆಲ್ಡಿಂಗ್ ಅಂಗಡಿಯವರು ಹೊರಗಿನಿಂದ ಹೊರಕ್ಕೆ 19 ಇಂಚು ಅಳೆದು ಚೌಕ ಪೈಪಿನಲ್ಲಿ ಮಾಡಿಕೊಟ್ಟರು. ಎರಡೂ ಕಡೆ ಒಂದೊಂದು ಇಂಚು ಪೈಪಿಗೇ ಹೋಗಿ ಒಳಗೆ ಉಳಿದದ್ದು 17. ನನ್ನ ಪವರ್ ಸಪ್ಲೈಯ ಮೈ ಹದಿನೇಳೂಕಾಲು. ಅದು ಒಳಗೆ ಹೋಗಲೇ ಇಲ್ಲ.

19 ಎಂಬುದು ಮುಂದಿನ ಫಲಕದ ಅಗಲ, ಕಂಬಗಳ ನಡುವಿನ ಜಾಗವಲ್ಲ. ಇದನ್ನು ಸರಿಯಾಗಿ ತಿಳಿಯಬೇಕೆಂದು ಹೊರಟ ನಾನು ಹೋಗಿ ಮುಟ್ಟಿದ್ದು ನೂರು ವರ್ಷದ ಹಿಂದಿನ ಅಮೆರಿಕದ ದೂರವಾಣಿ ಕಟ್ಟಡಗಳನ್ನು.

ತಂತಿಯಲ್ಲಿ ದೂರ ಹೋದಷ್ಟೂ ಮಾತು ಕ್ಷೀಣಿಸುತ್ತದೆ. ನಡುದಾರಿಯಲ್ಲಿ ಅದಕ್ಕೆ ಬಲ ತುಂಬುವ ಉಪಕರಣವೇ ರಿಪೀಟರ್. 1915ರ ಜನವರಿಯಲ್ಲಿ ನ್ಯೂಯಾರ್ಕಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಮಾತು ತಲುಪಿದ್ದು ವಾಲ್ವು (ನಿರ್ವಾತ ನಳಿಕೆ) ಬಳಸಿದ ಇಂಥ ರಿಪೀಟರುಗಳ ಬಲದಿಂದ. ಮೊದಮೊದಲು ಅವಕ್ಕೆ ನೆಲೆಯೆಂಬುದು ಇರಲಿಲ್ಲ. ಕೆಲವು ಶೆಲ್ಫಿನ ಮೇಲೆ, ಕೆಲವು ಮರದ ಪೆಟ್ಟಿಗೆಯೊಳಗೆ, ಕೆಲವು ಕಪಾಟಿನಲ್ಲಿ. ಸಾಲಾಗಿ ತಯಾರಿಸತೊಡಗಿದ ಮೇಲೂ ಒಂದು ರಿಪೀಟರಿಗೆ ಒಂದು ಚೌಕಟ್ಟು ಎಂಬ ಪದ್ಧತಿ ನಡೆಯಿತು. ಕಂಬದ ಮೇಲಿನ ಬಿಡಿ ತಂತಿಗಳ ಬದಲು ನೂರಾರು ಜೋಡಿ ತಂತಿಗಳ ಕೇಬಲ್ ಬಂದಾಗ ರಿಪೀಟರುಗಳೂ ನೂರಾರಾದವು. ನಗರದ ಕಟ್ಟಡದಲ್ಲಿ ಅಷ್ಟು ಚೌಕಟ್ಟುಗಳಿಗೆ ಜಾಗ ಎಲ್ಲಿಂದ ತರುವುದು?

ಅಮೆರಿಕದ ದೂರವಾಣಿ ಕಂಪನಿ ಎಟಿ ಅಂಡ್ ಟಿಯ ಎಂಜಿನಿಯರುಗಳು 1922ರ ಸುಮಾರಿಗೆ ಇದಕ್ಕೆ ಕೊಟ್ಟ ಉತ್ತರ ಸರಳವಾಗಿತ್ತು. ಎರಡು ಉಕ್ಕಿನ ಕಂಬ, ಅವುಗಳ ಮೈತುಂಬ ಒಂದೇ ಲೆಕ್ಕದ ತೂತುಗಳು. ಫಲಕದ ಅಗಲ ಯಾವಾಗಲೂ 19 ಇಂಚು; ಎತ್ತರ ಮಾತ್ರ ಬೇಕಾದಷ್ಟು, ಆದರೆ ಒಂದೂಮುಕ್ಕಾಲು ಇಂಚಿನ ಪಟ್ಟುಗಳಲ್ಲಿ. ಮರುವರ್ಷ ಬೆಲ್ ಸಿಸ್ಟಂ ಟೆಕ್ನಿಕಲ್ ಜರ್ನಲ್‌ನಲ್ಲಿ ಈ ವ್ಯವಸ್ಥೆಯ ವಿವರಣೆ ಬಂತು. ಇಂಥ ಚೌಕಟ್ಟಿಗೆ ‘ರಿಲೇ ರ‍್ಯಾಕ್’ ಎಂಬ ಹೆಸರನ್ನು ಈಗಲೂ ಹಳಬರು ಬಳಸುತ್ತಾರೆ. ವಾಲ್ವು ಹೋಗಿ ಟ್ರಾನ್ಸಿಸ್ಟರ್ ಬಂತು, ಅದರ ಹಿಂದೆ ಐಸಿ, ಸರ್ವರ್ ಎಲ್ಲ ಬಂದವು, ಅಳತೆ ಕದಲಲಿಲ್ಲ. ನನ್ನ ಮಟ್ಟಿಗೆ ಎಲೆಕ್ಟ್ರಾನಿಕ್ಸ್ ಲೋಕದ ಅತ್ಯಂತ ಗಟ್ಟಿ ನಿರ್ಧಾರ ಅದು.

ಆ ತೂತುಗಳ ವಿನ್ಯಾಸ ನೋಡಿದಷ್ಟೂ ಮೆಚ್ಚುಗೆಯಾಗುತ್ತದೆ. ಅಂತರ ಒಂದೇ ಸಮ ಇಲ್ಲ: 15.875 ಮಿಲಿಮೀಟರ್, ಮತ್ತೆ ಅಷ್ಟೇ, ಆಮೇಲೆ 12.7. ಕೂಡಿದರೆ 44.45, ಅದೇ ಒಂದೂಮುಕ್ಕಾಲು ಇಂಚು, ಅದೇ ಒಂದು ‘ಯು’. ಕಿರಿದಾದ ಅಂತರದ ನಟ್ಟನಡುವೆ ಒಂದು ಯೂನಿಟ್ ಮುಗಿದು ಇನ್ನೊಂದು ತೊಡಗುತ್ತದೆ. ರೂಢಿಯಾದ ಕೈ ಟೇಪು ಹಿಡಿಯದೆ, ಬೆರಳಲ್ಲಿ ಸವರಿಯೇ ಆ ಗಡಿಯನ್ನು ಹುಡುಕುತ್ತದೆ.

ಬೆರಳಿನ ಈ ಪಾಠ ನನಗೆ ತಂದೆಯಿಂದ ಬಂತು. ಅವರು ಬೆಂಗಳೂರಿನ ದೂರವಾಣಿನಗರದ ಐಟಿಐನಲ್ಲಿ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ವೈರ್‌ಮನ್ ಆಗಿದ್ದರು. 1948ರಲ್ಲಿ ಶುರುವಾದ ಆ ಕಾರ್ಖಾನೆ ದೇಶಕ್ಕೆ ಸ್ಟ್ರೋಜರ್ ಎಂಬ ಸ್ವಯಂಚಾಲಿತ ದೂರವಾಣಿ ಎಕ್ಸ್‌ಚೇಂಜುಗಳನ್ನು ಕಟ್ಟಿಕೊಟ್ಟಿತು. ಆ ಎಕ್ಸ್‌ಚೇಂಜಿನ ರ‍್ಯಾಕುಗಳು ಇನ್ನೂ ಅಗಲ, ಅವುಗಳ ಅಳತೆಯೇ ಬೇರೆ. ಶಿಸ್ತು ಮಾತ್ರ ಅದೇ. ಮೇಣ ಹಚ್ಚಿದ ದಾರದಿಂದ ತಂತಿಗಳನ್ನು ಜಡೆ ಹೆಣೆದಂತೆ ಬಿಗಿಯುತ್ತಿದ್ದರಂತೆ. “ರ‍್ಯಾಕಿನ ಬೆನ್ನು ನೋಡಪ್ಪಾ, ಕೆಲಸಗಾರನ ಕೈ ಹೇಗಿದೆ ಅಂತ ಅಲ್ಲೇ ಗೊತ್ತಾಗತ್ತೆ,” ಅನ್ನುತ್ತಿದ್ದರು. ನಾನು ನನ್ನ ರ‍್ಯಾಕನ್ನು ಗೋಡೆಯಿಂದ ಎರಡಡಿ ಮುಂದಕ್ಕೆ ನಿಲ್ಲಿಸಿರುವುದು ಆ ಮಾತಿಗಾಗಿ. ಹಿಂದೆ ಆಳು ನಿಂತು ಕೆಲಸ ಮಾಡಲು ಜಾಗ ಬೇಕು.

ಮನೆಯ ವರ್ಕ್‌ಶಾಪಿಗೆ ಸರ್ವರ್ ರ‍್ಯಾಕ್ ಕೊಳ್ಳುವವರು ಹೆಚ್ಚಾಗುತ್ತಿದ್ದಾರೆ. ಮೀಟರಿನಷ್ಟು ಆಳದ ಆ ಕಪಾಟು ಸಣ್ಣ ಕೋಣೆಯನ್ನು ನುಂಗುತ್ತದೆ. ಆಸಿಲೋಸ್ಕೋಪ್, ಸಿಗ್ನಲ್ ಜನರೇಟರುಗಳಿಗೆ ತೆರೆದ ಕಂಬದ ರ‍್ಯಾಕೇ ಮೇಲು. ಗಾಳಿ ತಾನಾಗಿ ಆಡುತ್ತದೆ. ಭಾರದ ಟ್ರಾನ್ಸ್‌ಫಾರ್ಮರ್ ಇರುವುದೆಲ್ಲ ಕೆಳಗೆ ಇರಲಿ, ಬುಡವನ್ನು ನೆಲಕ್ಕೆ ಬೋಲ್ಟ್ ಹಾಕಿ ಬಿಗಿಯಿರಿ. ಹಳೆಯ ಕಂಬಗಳಲ್ಲಿ ಮರೆ (ತಿರುಪಿನ ಸುರುಳಿ ಗೆರೆ) ಇರುವ ದುಂಡು ತೂತು ಇರುತ್ತದೆ, ಹೊಸವುಗಳಲ್ಲಿ ಕೇಜ್ ನಟ್ ಕೂರುವ ಚೌಕ ತೂತು. ಮರೆ ಸವೆದಿದ್ದರೆ ತೊಂದರೆ. ಕೇಜ್ ನಟ್ ಆದರೆ ಬದಲಿಸಿದರಾಯಿತು.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರಸ್ತೆಗಾಗಲಿ ಗುಜರಿಗಾಗಲಿ ಹೋಗುವಾಗ ಜೇಬಿನಲ್ಲಿ ಟೇಪು ಇರಲಿ. ಕಂಬಗಳ ನಡುವೆ ಕನಿಷ್ಠ 450 ಮಿಲಿಮೀಟರ್, ಎಡ ತೂತಿನ ನಡುವಿನಿಂದ ಬಲ ತೂತಿನ ನಡುವಿಗೆ 465. ಎತ್ತರವನ್ನು ಒಂದು ಯೂನಿಟ್‌ಗೆ ಅಳೆದರೆ ಕಣ್ಣು ತಪ್ಪುತ್ತದೆ. ಹತ್ತು ಯೂನಿಟ್ ಎಣಿಸಿ, 444.5 ಬರಬೇಕು. ದೂರವಾಣಿ, ರೇಡಿಯೊ ಕೇಂದ್ರಗಳಿಂದ ಹೊರಬಿದ್ದ ರ‍್ಯಾಕುಗಳು ಗುಜರಿಯಲ್ಲಿ ಬರೀ ಕಬ್ಬಿಣವೆಂದು ತುಂಡಾಗುತ್ತಿವೆ. ಗ್ಯಾಸ್ ಕಟರ್ ತಾಗುವ ಮೊದಲು ಒಂದನ್ನಾದರೂ ಅಳೆದು ನೋಡಿ, ಲೆಕ್ಕ ಕೂಡಿದರೆ ಮನೆಗೆ ತನ್ನಿ.